ತಜ್ಞರು ಬರುವ ದಾರಿ, ಹೋಗುವ ದಾರಿ

2024ರ ಆಗಸ್ಟ್ 17ರ ಶನಿವಾರ ಕೇಂದ್ರ ಲೋಕಸೇವಾ ಆಯೋಗ 45 ಹುದ್ದೆಗಳಿಗೆ ಅರ್ಜಿ ಕರೆಯಿತು. ಅದರಲ್ಲಿ 10 ಜಂಟಿ ಕಾರ್ಯದರ್ಶಿ ಹುದ್ದೆಗಳು, ಉಳಿದ 35 ನಿರ್ದೇಶಕ ಮತ್ತು ಉಪ ಕಾರ್ಯದರ್ಶಿ ಹುದ್ದೆಗಳು. ಐಎಎಸ್ ಪರೀಕ್ಷೆ ಬರೆಯಬೇಕಿರಲಿಲ್ಲ. ಖಾಸಗಿ ಕಂಪನಿ, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ರಾಜ್ಯ ಸರ್ಕಾರ, ಎಲ್ಲಿ ದುಡಿಯುತ್ತಿದ್ದವರಾದರೂ ಅರ್ಜಿ ಹಾಕಬಹುದಿತ್ತು. ಮಂಗಳವಾರದ ಹೊತ್ತಿಗೆ ಜಾಹೀರಾತು ರದ್ದಾಯಿತು. ಈ ನೇಮಕದಲ್ಲಿ ಮೀಸಲಾತಿಗೆ ಜಾಗವೇ ಇಲ್ಲ ಎಂಬ ಆಕ್ಷೇಪ ವಿರೋಧ ಪಕ್ಷಗಳಿಂದಲೂ ಆಳುವ ಮೈತ್ರಿಕೂಟದ ಒಳಗಿನಿಂದಲೂ ಬಂತು. ಸಿಬ್ಬಂದಿ ಖಾತೆಯ ಸಚಿವ ಜಿತೇಂದ್ರ ಸಿಂಗ್ ಆಯೋಗಕ್ಕೆ ಪತ್ರ ಬರೆದು ಜಾಹೀರಾತನ್ನು ಹಿಂಪಡೆಯುವಂತೆ ಕೇಳಿಕೊಂಡರು.

ಆ ಮೂರು ನಾಲ್ಕು ದಿನಗಳ ವಾಗ್ವಾದದಲ್ಲಿ ಒಂದು ಕಡೆಯವರು ಪ್ರತಿಭೆಯ ಮಾತಾಡಿದರು, ಇನ್ನೊಂದು ಕಡೆಯವರು ಹಿಂಬಾಗಿಲಿನ ಮಾತಾಡಿದರು. ಎರಡರಲ್ಲೂ ಹುರುಳಿತ್ತು. ಆದರೆ ಅಸಲು ಪ್ರಶ್ನೆ ಬದಿಗೆ ಸರಿಯಿತು. ಅಂತರ್ಜಲ ಬಲ್ಲವರು, ಸಾಂಕ್ರಾಮಿಕ ರೋಗ ಬಲ್ಲವರು, ಸೈಬರ್ ಭದ್ರತೆ ಬಲ್ಲವರು, ಚಿಪ್ ವಿನ್ಯಾಸ ಬಲ್ಲವರು ಸರ್ಕಾರಕ್ಕೆ ಇವತ್ತು ಬೇಕು. ಅವರನ್ನು ಯಾವ ದಾರಿಯಿಂದ ಕರೆತರಬೇಕು? ಎಷ್ಟು ದಿನ ಇಟ್ಟುಕೊಳ್ಳಬೇಕು? ಕೆಲಸ ಮುಗಿದಾಗ ಗೌರವದಿಂದ ಹೇಗೆ ಕಳಿಸಿಕೊಡಬೇಕು?

ಇದು ನಮ್ಮ ಸರ್ಕಾರಗಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕಳೆದ 75 ವರ್ಷಗಳಲ್ಲಿ ಮತ್ತೆ ಮತ್ತೆ ಮಾಡಿ ತೋರಿಸಿದ ಕೆಲಸವೇ. ಆದರೆ ಮಾಡಿದಾಗಲೆಲ್ಲ ಅದು ಒಬ್ಬ ದೊಡ್ಡ ವ್ಯಕ್ತಿಗಾಗಿ ಅಥವಾ ಒಂದು ದೊಡ್ಡ ಯೋಜನೆಗಾಗಿ ಮಾಡಿಕೊಂಡ ವಿನಾಯಿತಿಯಾಗಿತ್ತು. ಸಾಮಾನ್ಯ ತಜ್ಞನೊಬ್ಬನಿಗೆ, ತಜ್ಞೆಯೊಬ್ಬಳಿಗೆ ಅನ್ವಯಿಸುವ ನಿಯಮವಾಗಿ ಅದು ಇಳಿದು ಬರಲೇ ಇಲ್ಲ. ಇತ್ತ ಆಡಳಿತದ ತಳದಲ್ಲಿ ಸಡಿಲಿಕೆ ನಿತ್ಯದ ರೂಢಿಯಾಗಿದೆ. ಅಲ್ಲಿ ಅದರ ಲಾಭವೆಲ್ಲ ಸರ್ಕಾರಕ್ಕೆ, ಭಾರವೆಲ್ಲ ನೌಕರನಿಗೆ. ನನ್ನ ತಕರಾರು ಇರುವುದು ಇಲ್ಲಿ.

ಬಿಗಿ ನಿಯಮಗಳನ್ನು ಹಳಿಯುವ ಮೊದಲು ಅವು ಯಾಕೆ ಬಂದವು ಎಂಬುದನ್ನು ನೋಡಬೇಕು. ಸಂವಿಧಾನದ 309ನೇ ವಿಧಿ ನೌಕರರ ನೇಮಕ ಮತ್ತು ಸೇವಾ ಷರತ್ತುಗಳಿಗೆ ನಿಯಮ ಮಾಡುವ ಅಧಿಕಾರ ಕೊಡುತ್ತದೆ. 320ನೇ ವಿಧಿಯ ಪ್ರಕಾರ ನೇಮಕಾತಿಯ ವಿಧಾನದ ಬಗ್ಗೆ ಲೋಕಸೇವಾ ಆಯೋಗದ ಸಲಹೆ ಪಡೆಯಬೇಕು. ಮಂತ್ರಿಯ ಭಾವಮೈದುನ, ಅಧಿಕಾರಿಯ ಅಳಿಯ ನೇರವಾಗಿ ಕುರ್ಚಿ ಹಿಡಿಯಬಾರದು ಎಂದೇ ಈ ಏರ್ಪಾಡು. ನಮ್ಮ ಕರ್ನಾಟಕದಲ್ಲಿ ಇಲಾಖೆಯೊಂದು ಹೊಸ ಬಗೆಯ ತಾಂತ್ರಿಕ ಹುದ್ದೆ ಬೇಕೆಂದರೆ ಕಡತ ಹೋಗುವ ದಾರಿ ಸಚಿವಾಲಯದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹುದ್ದೆ ಸೃಜನೆಗೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ವೃಂದ ಮತ್ತು ನೇಮಕಾತಿ ನಿಯಮಗಳಿಗೆ ತಿದ್ದುಪಡಿ ಆಗಬೇಕು. ಕರಡು ರಾಜ್ಯಪತ್ರದಲ್ಲಿ ಪ್ರಕಟವಾಗಿ ಆಕ್ಷೇಪಣೆ ಕರೆಯಬೇಕು. ಅಂತಿಮ ಅಧಿಸೂಚನೆ, ಆಮೇಲೆ ಮೀಸಲಾತಿಗಾಗಿ ರೋಸ್ಟರ್ ಬಿಂದು ಗುರುತಿಸುವಿಕೆ, ಆಮೇಲೆ ಆಯೋಗಕ್ಕೆ ಪ್ರಸ್ತಾವ. ಇಷ್ಟೆಲ್ಲ ಮುಗಿದ ಮೇಲೆ ಪರೀಕ್ಷೆ. ಪರೀಕ್ಷೆಯೂ ಸುಸೂತ್ರವಾಗಿ ನಡೆಯುತ್ತದೆಂಬ ಭರವಸೆಯಿಲ್ಲ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆ ವಿವಾದಕ್ಕೆ ಸಿಕ್ಕಿ, ರದ್ದಾಗಿ, ನ್ಯಾಯಾಲಯಗಳ ಮೆಟ್ಟಿಲು ಹತ್ತಿಳಿದು, ಕೊನೆಗೆ 2022ರಲ್ಲಿ ಶಾಸನವನ್ನೇ ಮಾಡಿ ಅದನ್ನು ಊರ್ಜಿತಗೊಳಿಸಬೇಕಾಯಿತು. ತಹಶೀಲ್ದಾರರ ಕೆಲಸ ಹನ್ನೊಂದು ವರ್ಷದಲ್ಲಿ ತೀರಾ ಬದಲಾಗುವುದಿಲ್ಲ. ಕೃತಕ ಬುದ್ಧಿಮತ್ತೆಯ ಎಂಜಿನಿಯರ್‌ಗೆ ಬೇಕಾದ ಅರ್ಹತೆ ಅಷ್ಟರಲ್ಲಿ ನಾಲ್ಕು ಸಲ ಬದಲಾಗಿರುತ್ತದೆ. ನಿಯಮದ ಉದ್ದೇಶ ಸರಿಯಿದ್ದೂ ತಂತ್ರಜ್ಞಾನದ ವಿಷಯದಲ್ಲಿ ಅದು ಕೈಕೊಡುವುದು ಹೀಗೆ.

ಈ ತೊಡಕು ಸ್ವಾತಂತ್ರ್ಯ ಬಂದ ಹೊಸತರಲ್ಲೇ ಕೆಲವರಿಗೆ ಕಂಡಿತ್ತು. ಪರಮಾಣು ವಿಜ್ಞಾನಿ ಹೋಮಿ ಭಾಭಾ ಅವರಲ್ಲಿ ಮುಖ್ಯರು. 1948ರಲ್ಲಿ ಪರಮಾಣು ಶಕ್ತಿ ಆಯೋಗ, 1954ರಲ್ಲಿ ಪ್ರಧಾನಿಯ ನೇರ ಉಸ್ತುವಾರಿಯಲ್ಲಿ ಪರಮಾಣು ಶಕ್ತಿ ಇಲಾಖೆ ಬಂದವು. 1958ರ ಮಾರ್ಚ್‌ನ ಸರ್ಕಾರಿ ನಿರ್ಣಯ ಆಯೋಗಕ್ಕೆ ವಿಶಾಲವಾದ ಆಡಳಿತಾತ್ಮಕ, ಹಣಕಾಸಿನ ಅಧಿಕಾರಗಳನ್ನು ಕೊಟ್ಟಿತು. ಆಯೋಗದ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ. ಅಂದರೆ ವಿಜ್ಞಾನಿಯ ಮಾತನ್ನು ಮಂತ್ರಿಗೆ ದಾಟಿಸಲು ನಡುವೆ ಇನ್ನೊಬ್ಬ ಅಧಿಕಾರಿ ಬೇಕಿರಲಿಲ್ಲ. ಎಂಜಿನಿಯರಿಂಗ್, ವಿಜ್ಞಾನ ಪದವೀಧರರನ್ನು ತಾವೇ ಆರಿಸಿ ತಾವೇ ತರಬೇತಿ ಕೊಡುವ ಶಾಲೆ ಟ್ರಾಂಬೆಯಲ್ಲಿ 1957ರಲ್ಲಿ ಶುರುವಾಯಿತು. ಮೊದಲು ಸಮರ್ಥನನ್ನು ಗುರುತಿಸು, ಆಮೇಲೆ ಅವನ ಸುತ್ತ ಸಂಸ್ಥೆ ಕಟ್ಟು ಎಂಬುದು ಭಾಭಾ ನಂಬಿದ ತತ್ವ. ಸಾಯುವ ಕೆಲವೇ ದಿನ ಮೊದಲು, 1966ರ ಜನವರಿಯಲ್ಲಿ ಮುಂಬೈಯಲ್ಲಿ ಮಾಡಿದ ಭಾಷಣದಲ್ಲೂ ಅದನ್ನೇ ವಿವರಿಸಿದ್ದರು. ಅದೇ 1958ರಲ್ಲಿ ಸಿಎಸ್‌ಐಆರ್ ವಿದೇಶದಿಂದ ಮರಳುವ ವಿಜ್ಞಾನಿಗಳಿಗಾಗಿ ಒಂದು ‘ಪೂಲ್’ ಆರಂಭಿಸಿತು. ಕಾಯಂ ಕೆಲಸ ಸಿಗುವವರೆಗೆ ಅವರಿಗೊಂದು ತಾತ್ಕಾಲಿಕ ನೆಲೆ ಸಿಗಲಿ ಎಂಬುದು ಅದರ ಉದ್ದೇಶ.

ಇದಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಸತೀಶ್ ಧವನ್ ಅವರ ನೇಮಕ. 1971ರ ಡಿಸೆಂಬರ್ 30ರಂದು ಬಾಹ್ಯಾಕಾಶ ಕಾರ್ಯಕ್ರಮವನ್ನು ಮುನ್ನಡೆಸುತ್ತಿದ್ದ ವಿಕ್ರಂ ಸಾರಾಭಾಯಿ ತೀರಿಕೊಂಡರು. ಧವನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ರಜೆಯ ಮೇಲೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಬೇಕೆಂದು ಇಂದಿರಾ ಗಾಂಧಿ ಕೇಳಿದರು. ಧವನ್ ಒಪ್ಪಿದರು, ಷರತ್ತಿನ ಮೇಲೆ. ಕಾರ್ಯಕ್ರಮದ ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು, ತಾನು ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯಬೇಕು. ಅವರು ಅಮೆರಿಕದ ಕೆಲಸ ಮುಗಿಸಿ ಬರುವವರೆಗೆ ವಿಜ್ಞಾನಿ ಎಂ.ಜಿ.ಕೆ. ಮೆನನ್ ಕೆಲ ತಿಂಗಳು ಹೊಣೆ ನೋಡಿಕೊಂಡರು. 1972ರಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಇಲಾಖೆ ರಚನೆಯಾದವು. ಧವನ್ ಆಯೋಗದ ಅಧ್ಯಕ್ಷರು, ಇಲಾಖೆಯ ಕಾರ್ಯದರ್ಶಿ, ಇಸ್ರೊ ಮುಖ್ಯಸ್ಥರು, ಜೊತೆಗೆ 1981ರವರೆಗೂ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಇವತ್ತು ಇಂಥ ಕಡತವೊಂದು ಮೇಲೆ ಹೋದರೆ ಎಷ್ಟು ಪ್ರಶ್ನೆಗಳೊಂದಿಗೆ ವಾಪಸಾಗುತ್ತಿತ್ತು! ಒಬ್ಬರು ಎರಡು ಕಡೆ ಹೇಗೆ? ಕೇಂದ್ರ ಸರ್ಕಾರದ ಇಲಾಖೆ ದೆಹಲಿಯ ಹೊರಗೆ ಹೇಗೆ? ಆಗ ಅದಕ್ಕೆಲ್ಲ ಉತ್ತರ ಸಿಕ್ಕಿತು, ಏಕೆಂದರೆ ಕೇಳಿದ್ದು ಪ್ರಧಾನಿ, ಕೇಳಿಸಿಕೊಂಡದ್ದು ಧವನ್. ಬೆಂಗಳೂರು ಬಾಹ್ಯಾಕಾಶದ ಊರಾಗುವುದರಲ್ಲಿ ಆ ಷರತ್ತಿನ ಪಾಲು ದೊಡ್ಡದು. ಆದರೆ ಅದೇ ಏರ್ಪಾಡು, ಅಂದರೆ ಅರ್ಧ ಸಮಯ ವಿಶ್ವವಿದ್ಯಾಲಯ, ಅರ್ಧ ಸಮಯ ಇಲಾಖೆ ಎಂಬುದು, ಮೂವತ್ತೆಂಟು ವಯಸ್ಸಿನ ಭೂಕಂಪ ತಜ್ಞೆಯೊಬ್ಬರಿಗೆ ಇವತ್ತು ಸಿಗುತ್ತದೆಯೇ? ಸಿಗುವುದಿಲ್ಲ. ಕೇಳಲು ಅರ್ಜಿ ನಮೂನೆಯೂ ಇಲ್ಲ.

ವಿಜ್ಞಾನ ಇಲಾಖೆಗಳು ಕಂಡುಕೊಂಡ ಇನ್ನೊಂದು ಉಪಾಯ ಹೊರಗೆ ಅಷ್ಟು ಪ್ರಚಾರ ಪಡೆದಿಲ್ಲ. ಅದು ಬಡ್ತಿಗೆ ಸಂಬಂಧಿಸಿದ್ದು. ಸಾಮಾನ್ಯ ಇಲಾಖೆಯಲ್ಲಿ ಮೇಲಿನ ಹುದ್ದೆ ಖಾಲಿಯಾದರೆ ಮಾತ್ರ ಕೆಳಗಿನವರಿಗೆ ಬಡ್ತಿ. 1983ರಲ್ಲಿ ಕೇಂದ್ರದ ವಿಜ್ಞಾನ ಇಲಾಖೆಗಳಲ್ಲಿ ಜಾರಿಗೆ ಬಂದ ‘ಫ್ಲೆಕ್ಸಿಬಲ್ ಕಾಂಪ್ಲಿಮೆಂಟಿಂಗ್ ಸ್ಕೀಮ್’ ಆ ಕೊಂಡಿಯನ್ನು ಕಳಚಿತು. ‘ಸೈಂಟಿಸ್ಟ್ ಬಿ’ ಆಗಿ ಸೇರಿದವರು 3 ವರ್ಷಕ್ಕೆ ‘ಸಿ’ ದರ್ಜೆಗೆ, ಅಲ್ಲಿಂದ 4 ವರ್ಷಕ್ಕೆ ‘ಡಿ’ಗೆ, ಮತ್ತೆ 4 ವರ್ಷಕ್ಕೆ ‘ಇ’ಗೆ ಅರ್ಹರಾಗುತ್ತಾರೆ. ಮೇಲೆ ಯಾರೂ ನಿವೃತ್ತರಾಗಬೇಕಿಲ್ಲ, ಯಾರೂ ಸಾಯಬೇಕಿಲ್ಲ. ಮಾಡಿದ ಕೆಲಸದ ಮೌಲ್ಯಮಾಪನ, ತಜ್ಞರ ಮಂಡಳಿಯ ಮುಂದೆ ಸಂದರ್ಶನ. ಪಾಸಾದರೆ ಅದೇ ಕುರ್ಚಿಯಲ್ಲಿ ಕೂತು ಮೇಲಿನ ದರ್ಜೆ. ಕಾಲಕ್ರಮದಲ್ಲಿ ಮೌಲ್ಯಮಾಪನ ಸಡಿಲವಾಯಿತು, ಎಲ್ಲರೂ ಪಾಸಾಗುತ್ತಾರೆ ಎಂಬ ದೂರು ಎದ್ದು 2010ರಲ್ಲಿ ನಿಯಮಗಳನ್ನು ಮತ್ತೆ ಬಿಗಿಗೊಳಿಸಿದರು. ಆ ಕೊರತೆ ಇಟ್ಟುಕೊಂಡೂ ಇದು ಒಳ್ಳೆಯ ಯೋಜನೆ. ಮೀಸಲಾತಿಯ ವಿಷಯದಲ್ಲೂ ಇಲ್ಲಿ ಒಂದು ಸಮತೋಲವಿದೆ. ಸಂಶೋಧನೆಯ ಹುದ್ದೆಗಳಲ್ಲಿ ಗ್ರೂಪ್ ‘ಎ’ಯ ಪ್ರವೇಶ ಮಟ್ಟದಲ್ಲಿ ಮೀಸಲಾತಿ ಇದೆ, ಅದಕ್ಕಿಂತ ಮೇಲೆ ವಿನಾಯಿತಿ ಇದೆ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ತನ್ನದೇ ನೇಮಕಾತಿ ಮತ್ತು ಮೌಲ್ಯಮಾಪನ ಕೇಂದ್ರವನ್ನು 1985ರಿಂದ ನಡೆಸುತ್ತಿದೆ.

ಇದರ ಗಾಳಿ ರಾಜ್ಯ ಸರ್ಕಾರಗಳ ಕಡೆ ಬೀಸಲಿಲ್ಲ. ರಾಜ್ಯದ ಇಲಾಖೆಯಲ್ಲಿರುವ ಭೂವಿಜ್ಞಾನಿಗೆ ಕಾಲಮಿತಿ ವೇತನ ಬಡ್ತಿ ಸಿಗಬಹುದು, ಸಂಬಳ ಸ್ವಲ್ಪ ಏರಬಹುದು. ಆದರೆ ಹೊಣೆಯೂ ಹೆಸರೂ ಏರಬೇಕಾದರೆ ಜ್ಯೇಷ್ಠತಾ ಪಟ್ಟಿಯನ್ನೇ ನಂಬಿ ಕೂರಬೇಕು. ಹತ್ತು ವರ್ಷ ಒಂದೇ ದರ್ಜೆಯಲ್ಲಿ ಕೂತ ವಿಜ್ಞಾನಿ ಹೊಸದನ್ನು ಯಾಕೆ ಓದಬೇಕು?

ಸರ್ಕಾರದ ಒಳಗೇ ಇದ್ದು ಸರ್ಕಾರದ ನಿಯಮದಿಂದ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ ಸೊಸೈಟಿ. ಸಂಘಗಳ ನೋಂದಣಿ ಕಾಯ್ದೆಯಡಿ ಸ್ವಾಯತ್ತ ಸಂಸ್ಥೆ ನೋಂದಾಯಿಸಿದರೆ ಸಂಬಳ, ನೇಮಕ, ಖರೀದಿ ಎಲ್ಲದರಲ್ಲೂ ಕೈ ಸ್ವಲ್ಪ ಸಡಿಲ. ತೇಜಸ್ ವಿಮಾನ ರೂಪಿಸಲು 1984ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಇಂಥದ್ದು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ದೂರಸಂಪರ್ಕ ತಂತ್ರಜ್ಞಾನ ಸಂಸ್ಥೆ ಸಿ-ಡಾಟ್ ಕೂಡ. ಅಮೆರಿಕದಲ್ಲಿ ದೂರವಾಣಿ ಸ್ವಿಚ್ಚುಗಳ ಮೇಲೆ ಪೇಟೆಂಟ್ ಪಡೆದಿದ್ದ ಸ್ಯಾಮ್ ಪಿತ್ರೋಡಾ ಕೊಟ್ಟ ಮಾತು 36 ತಿಂಗಳು, 36 ಕೋಟಿ ರೂಪಾಯಿ. ದೆಹಲಿ, ಬೆಂಗಳೂರಿನಲ್ಲಿ ಕೂತ ಇಪ್ಪತ್ತರ ಹರೆಯದ ಎಂಜಿನಿಯರುಗಳು ಕಟ್ಟಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ. ಆ ಪೆಟ್ಟಿಗೆಯ ಹೆಚ್ಚುಗಾರಿಕೆ ಏನೆಂದರೆ ಅದಕ್ಕೆ ಏರ್ ಕಂಡೀಷನ್ ಬೇಕಿರಲಿಲ್ಲ. ವಿದೇಶಿ ಡಿಜಿಟಲ್ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕು, ಎಡೆಬಿಡದ ಕರೆಂಟು ಬೇಕು. ಬೆಳಗಾವಿ ಸೀಮೆಯ ಬೇಸಿಗೆ, ಧೂಳು, ಮೇಲಿಂದ ಮೇಲೆ ಹೋಗುವ ಕರೆಂಟು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಯಂತ್ರ ಮಾಡಬೇಕೆಂದರೆ ಈ ನೆಲದ ಬಗ್ಗೆ ಕಾಳಜಿಯಿದ್ದ ಎಂಜಿನಿಯರು ಸರ್ಕಾರದ ಒಳಗೇ ಇರಬೇಕಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಕಾಯುತ್ತಿದ್ದ ಹಳ್ಳಿಗಳಿಗೆ ಅಲ್ಲಿಂದ ಫೋನು ಹತ್ತಿರವಾಯಿತು.

ಪಿತ್ರೋಡಾ ವರ್ಷಕ್ಕೆ ಒಂದು ರೂಪಾಯಿ ಸಂಬಳ ಪಡೆದರು ಎಂದು ಈಗಲೂ ಮೆಚ್ಚುಗೆಯಿಂದ ಹೇಳುತ್ತಾರೆ. ಆ ತ್ಯಾಗ ದೊಡ್ಡದೇ. ಆದರೆ ನೀತಿಯಾಗಿ ಒಂದು ರೂಪಾಯಿ ಸಂಬಳ ಕೆಟ್ಟದ್ದು. ಹಾಗೆ ದುಡಿಯಬಲ್ಲವರು ಮೊದಲೇ ಸಾಕಷ್ಟು ಗಳಿಸಿಟ್ಟವರು ಮಾತ್ರ. ಮನೆ ಸಾಲದ ಕಂತು ಕಟ್ಟುತ್ತ ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಒಬ್ಬ ನಿಪುಣ ಎಂಜಿನಿಯರ್ ದೇಶಸೇವೆಗೆ ಬರಬೇಕಾದರೆ ಅವನಿಗೆ ನ್ಯಾಯವಾದ ಸಂಬಳ ಬೇಕು. ಸೊಸೈಟಿ ಮಾದರಿಯ ಇನ್ನೊಂದು ದೌರ್ಬಲ್ಯವೂ ಸಿ-ಡಾಟ್‌ನಲ್ಲೇ ಕಂಡಿತು. ಸರ್ಕಾರ ಬದಲಾದಾಗ ಬೆನ್ನಿಗಿದ್ದ ರಾಜಕೀಯ ಬಲ ಹೋಯಿತು. 1991ರ ನಂತರ ಖಾಸಗಿ ಕಂಪನಿಗಳು ಬಾಗಿಲು ತೆರೆದಾಗ ಅನೇಕ ಎಂಜಿನಿಯರುಗಳು ಅತ್ತ ಹೋದರು. ಕರೆತರುವ ಚೈತನ್ಯ ಇತ್ತು, ಉಳಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ.

ಕರ್ನಾಟಕಕ್ಕೂ ಇಂಥ ಒಂದು ಹೆಮ್ಮೆ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು ಬೆಳೆದು ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿಗೊಂದರಂತೆ ಮಳೆ ಮಾಪಕ ಇಟ್ಟು, ರೈತರಿಗೆ ಫೋನಿನಲ್ಲೇ ಹವಾಮಾನ ಹೇಳುವ ‘ವರುಣಮಿತ್ರ’ ನಡೆಸಿತು. ಮಾಮೂಲು ಇಲಾಖೆಯ ಚೌಕಟ್ಟಿನಲ್ಲಿ ಇದು ಸಾಧ್ಯವಾಗುತ್ತಿತ್ತು ಎಂದು ನನಗನಿಸುವುದಿಲ್ಲ.

ಆಧಾರ್ ಹೊರಗಿನ ತಜ್ಞರನ್ನು ಕರೆತಂದ ಇತ್ತೀಚಿನ, ಅತಿ ದೊಡ್ಡ ಪ್ರಯೋಗ. 2009ರ ಜುಲೈನಲ್ಲಿ ನಂದನ್ ನಿಲೇಕಣಿ ಇನ್ಫೊಸಿಸ್ ಬಿಟ್ಟು ಸಂಪುಟ ದರ್ಜೆಯೊಂದಿಗೆ ವಿಶಿಷ್ಟ ಗುರುತು ಪ್ರಾಧಿಕಾರದ ಅಧ್ಯಕ್ಷರಾದರು. ನಿಯೋಜನೆಯ ಮೇಲೆ ಬಂದ ಅಧಿಕಾರಿಗಳ ಜೊತೆ ಸಾಫ್ಟ್‌ವೇರ್ ಉದ್ಯಮದಿಂದ ಬಂದವರು ಬೆಂಗಳೂರಿನ ತಂತ್ರಜ್ಞಾನ ಕೇಂದ್ರದಲ್ಲಿ ಒಟ್ಟಿಗೆ ಕೂತರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ತೆಂಭಲಿಯಲ್ಲಿ ಮೊದಲ ಸಂಖ್ಯೆ ಕೊಟ್ಟರು. ವೇಗಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಕಾಯ್ದೆ ಬಂದದ್ದು 2016ರಲ್ಲಿ. ಅಲ್ಲಿಯವರೆಗೆ ಕೋಟ್ಯಂತರ ಜನರ ಬೆರಳಚ್ಚು ಹಿಡಿದಿಟ್ಟ ಸಂಸ್ಥೆ ನಡೆದದ್ದು ಸರ್ಕಾರಿ ಆದೇಶದ ಮೇಲೆ. ಸಾರ್ವಜನಿಕ ವ್ಯವಸ್ಥೆಯನ್ನು ಒಳಗೆ ಕೂತು ಕಟ್ಟಿದವರು ಹೊರಗೆ ಹೋಗಿ ಅದರ ಮೇಲೆಯೇ ವ್ಯಾಪಾರ ಮಾಡಬಹುದೇ, ಮಾಡಬಹುದಾದರೆ ಎಷ್ಟು ವರ್ಷದ ಅಂತರ ಬೇಕು, ಇದಕ್ಕೆ ನಮ್ಮಲ್ಲಿ ಗಟ್ಟಿ ನಿಯಮ ಆಗಲೂ ಇರಲಿಲ್ಲ. ತಜ್ಞರ ಮೇಲೆ ಅನುಮಾನಪಟ್ಟು ನಾನು ಈ ಮಾತು ಹೇಳುತ್ತಿಲ್ಲ. ನಿಯಮ ಸ್ಪಷ್ಟವಿದ್ದರೆ ಪ್ರಾಮಾಣಿಕರ ಮೇಲೆ ಅನುಮಾನದ ನೆರಳು ಬೀಳುವುದಿಲ್ಲ.

ಸಲಹೆಗಾರ ಕಂಪನಿಗಳ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಚಿವಾಲಯಗಳಲ್ಲಿ, ಸ್ಮಾರ್ಟ್ ಸಿಟಿ ಕಚೇರಿಗಳಲ್ಲಿ ಲ್ಯಾಪ್‌ಟಾಪ್ ಹಿಡಿದು ಸ್ಲೈಡ್ ಮಾಡುವ ಯುವಕ ಯುವತಿಯರನ್ನು ಎಲ್ಲರೂ ನೋಡಿದ್ದೇವೆ. ಅವರು ಚುರುಕಾಗಿಯೇ ಇರುತ್ತಾರೆ. ಆದರೆ ಕಲಿತದ್ದು ಕಂಪನಿಯ ಜೊತೆ ಹೊರಟು ಹೋಗುತ್ತದೆ. ಇಲಾಖೆಗೆ ಉಳಿಯುವುದು ವರದಿ ಮತ್ತು ಬಿಲ್ಲು. ವರದಿ ಸರಿಯಿದೆಯೇ ಎಂದು ಅಳೆಯಬಲ್ಲ ಒಬ್ಬ ತಜ್ಞನಾದರೂ ಇಲಾಖೆಯ ಒಳಗಿಲ್ಲದಿದ್ದರೆ ಆ ಹಣ ದಂಡ.

ಆರಂಭದಲ್ಲಿ ಹೇಳಿದ ನೇಮಕದ ದಾರಿಗೆ, ಅಂದರೆ ಹೊರಗಿನವರನ್ನು ನೇರವಾಗಿ ಮೇಲಿನ ಹುದ್ದೆಗೆ ತರುವ 2018ರ ‘ಲ್ಯಾಟರಲ್ ಎಂಟ್ರಿ’ಗೆ ಬರೋಣ. ಹೊರಗಿನವರನ್ನು ಕರೆಯುವುದು ಹೊಸತೇನಲ್ಲ. ಮನಮೋಹನ್ ಸಿಂಗ್ 1971ರಲ್ಲಿ ವಿದೇಶ ವ್ಯಾಪಾರ ಸಚಿವಾಲಯಕ್ಕೆ ಆರ್ಥಿಕ ಸಲಹೆಗಾರರಾಗಿ ಬಂದವರು. ಮೊಂಟೆಕ್ ಸಿಂಗ್ ಅಹ್ಲುವಾಲಿಯಾ ವಿಶ್ವಬ್ಯಾಂಕಿನಿಂದ ಬಂದವರು. ವಿದ್ಯುತ್ ಕಾರ್ಯದರ್ಶಿಯಾಗಿದ್ದ ಆರ್.ವಿ. ಶಾಹಿ ಖಾಸಗಿ ವಿದ್ಯುತ್ ಕಂಪನಿಯಿಂದ ಬಂದವರು. 2018ರಲ್ಲಿ ಹೊಸದಾಗಿದ್ದದ್ದು ಬಹಿರಂಗ ಜಾಹೀರಾತು ಮತ್ತು ಲೋಕಸೇವಾ ಆಯೋಗದ ಆಯ್ಕೆ. ಇದು ದೊಡ್ಡ ಸುಧಾರಣೆ ಎಂದೇ ನಾನು ತಿಳಿಯುತ್ತೇನೆ. ಹತ್ತು ಜಂಟಿ ಕಾರ್ಯದರ್ಶಿ ಹುದ್ದೆಗೆ ಆರು ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಆಯ್ಕೆಯಾದವರು ಒಂಬತ್ತು ಮಂದಿ. 2024ರ ಹೊತ್ತಿಗೆ ಒಟ್ಟು 63 ಮಂದಿ ಈ ದಾರಿಯಲ್ಲಿ ಬಂದಿದ್ದಾರೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಇಡೀ ಭಾರತ ಸರ್ಕಾರದ ಗಾತ್ರಕ್ಕೆ ಇದು ಯಾವ ಮೂಲೆಗೆ?

ಮೀಸಲಾತಿಯ ತೊಡಕು ಹುಟ್ಟಿದ್ದು ಒಂದು ಲೆಕ್ಕಾಚಾರದಿಂದ. ಒಂದೇ ಹುದ್ದೆಯಿರುವ ವೃಂದದಲ್ಲಿ ಮೀಸಲಾತಿ ಅನ್ವಯಿಸಲಾಗದು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಪ್ರಕರಣದಲ್ಲಿ ಹೇಳಿತ್ತು. ಸರ್ಕಾರ 45 ಹುದ್ದೆಗಳನ್ನು 45 ಒಂಟಿ ಹುದ್ದೆಗಳೆಂದು ಎಣಿಸಿತು. ರೋಸ್ಟರ್ ತಾನಾಗಿ ಸೊನ್ನೆಯಾಯಿತು. ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿ ಓದಿ ಬೆಳೆದ ನಾಡಿನವರಿಗೆ ಇದು ಒಪ್ಪಿಗೆಯಾಗಲು ಸಾಧ್ಯವಿಲ್ಲ, ಆಗಲೂಬಾರದು. ಪರಿಹಾರ ಕಷ್ಟದ್ದಲ್ಲ. ಹುದ್ದೆಗಳನ್ನು ಬಿಡಿಬಿಡಿಯಾಗಿ ಎಣಿಸುವ ಬದಲು ಒಂದು ತಾಂತ್ರಿಕ ವೃಂದವಾಗಿ ಒಟ್ಟುಗೂಡಿಸಿದರೆ ರೋಸ್ಟರ್ ಸಹಜವಾಗಿ ಅನ್ವಯಿಸುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಲ್ಲಿ ಹದಿನೈದು ವರ್ಷ ಅನುಭವವಿರುವ ಡೇಟಾ ವಿಜ್ಞಾನಿಗಳು, ವೈದ್ಯರು, ಎಂಜಿನಿಯರುಗಳು ಇಲ್ಲವೆಂದು ಯಾರಾದರೂ ಹೇಳಿದರೆ ಅವರು ಹುಡುಕಿಲ್ಲ ಎಂದಷ್ಟೇ ಅರ್ಥ.

ಲ್ಯಾಟರಲ್ ಎಂಟ್ರಿಯ ಇನ್ನೊಂದು ಕೊರತೆ ಚರ್ಚೆಗೇ ಬರಲಿಲ್ಲ. ಗುತ್ತಿಗೆ ಮೂರು ವರ್ಷದ್ದು, ವಿಸ್ತರಿಸಿದರೆ ಐದು. ಮೊದಲ ವರ್ಷ ಕಡತದ ಭಾಷೆ ಕಲಿಯುವುದರಲ್ಲಿ ಹೋಗುತ್ತದೆ. ಸಂಬಳ ಜಂಟಿ ಕಾರ್ಯದರ್ಶಿಯ 14ನೇ ಹಂತದ್ದು. ಆಮೇಲೆ? ಪ್ರಾಧ್ಯಾಪಕರಾದರೆ ವಿಶ್ವವಿದ್ಯಾಲಯ ಲಿಯನ್ ಕೊಟ್ಟು ಹುದ್ದೆ ಕಾಯ್ದಿರಿಸಬಹುದು. ಖಾಸಗಿಯಿಂದ ಬಂದವರಿಗೆ ಹಿಂದಿರುಗಲು ನೆಲೆಯಿಲ್ಲ.

ಈಗ ತಳಕ್ಕೆ ಇಳಿಯೋಣ. ಮೇಲೆ 45 ಹುದ್ದೆಗಳ ಬಗ್ಗೆ ದೇಶವೇ ವಾದಿಸಿತು. ಕೆಳಗೆ ಪ್ರತಿ ಜಿಲ್ಲೆಯಲ್ಲಿ ಗುತ್ತಿಗೆ, ಹೊರಗುತ್ತಿಗೆಯ ತಾಂತ್ರಿಕ ಸಿಬ್ಬಂದಿ ದುಡಿಯುತ್ತಿದ್ದಾರೆ. ನನಗೆ ಪರಿಚಯವಿರುವ ಒಂದು ಜಿಲ್ಲಾ ಕಚೇರಿಯ ಜಿಐಎಸ್ ಎಂಜಿನಿಯರ್ ಮೇಜಿನ ಮೇಲೆ ಎರಡು ಕಂಪ್ಯೂಟರುಗಳಿವೆ. ಕೆರೆ ಒತ್ತುವರಿ, ಕೊಳವೆಬಾವಿ, ಕುಡಿಯುವ ನೀರಿನ ಪೈಪು, ಪ್ರವಾಹ ಬಂದರೆ ಮುಳುಗುವ ಹಳ್ಳಿ, ಎಲ್ಲದರ ನಕ್ಷೆ ಅವನ ಕೈಯಲ್ಲಿ. ಜಿಲ್ಲಾಧಿಕಾರಿ ಸಭೆಗೆ ಹೋಗುವ ಮುನ್ನ ಕರೆಯುವುದು ಅವನನ್ನೇ. ಆದರೆ ನಕ್ಷೆಯ ಕೆಳಗೆ ಸಹಿ ಹಾಕುವ ಅಧಿಕಾರ ಅವನಿಗಿಲ್ಲ. ಆದೇಶ 11 ತಿಂಗಳದ್ದು. ನಡುವೆ ಒಂದು ದಿನ ಬ್ರೇಕ್, ಮತ್ತೆ ಹೊಸ ಆದೇಶ. ಸಂಬಳ ಏಜೆನ್ಸಿ ಮೂಲಕ. ಏಜೆನ್ಸಿ ಟೆಂಡರ್ ಬದಲಾದರೆ ಎರಡು ಮೂರು ತಿಂಗಳು ಸಂಬಳ ತಡ. ಮಾರ್ಚ್ ಬಂದರೆ ಮುಂದುವರಿಕೆ ಆದೇಶ ಬರುತ್ತದೋ ಇಲ್ಲವೋ ಎಂಬ ಚಿಂತೆ. ಒಂಬತ್ತು ವರ್ಷದಿಂದ ಹೀಗೇ. ಕಚೇರಿಗೆ ಬಂದ ಅಧಿಕಾರಿಗಳು ಅಷ್ಟರಲ್ಲಿ ಆರೇಳು ಮಂದಿ ವರ್ಗವಾಗಿ ಹೋಗಿದ್ದಾರೆ. ಆ ಜಿಲ್ಲೆಯ ನೀರಿನ ನೆನಪು ಇರುವುದು ಅವನಲ್ಲಿ ಮಾತ್ರ. ಸರ್ಕಾರದ ಲೆಕ್ಕದಲ್ಲಿ ಅವನು ಮಾತ್ರ ತಾತ್ಕಾಲಿಕ.

ಈ ಪರಿಸ್ಥಿತಿಯ ಕಾನೂನಿನ ಕಥೆಯೂ ಕರ್ನಾಟಕದ್ದೇ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ಕೊಟ್ಟ ‘ಕರ್ನಾಟಕ ರಾಜ್ಯ ಮತ್ತು ಉಮಾದೇವಿ’ ತೀರ್ಪು ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿ ಮೇಲೆ ಸೇರಿದವರ ಅರ್ಜಿಯಿಂದ ಹುಟ್ಟಿದ್ದು. ಬಹಿರಂಗ ಸ್ಪರ್ಧೆಯಿಲ್ಲದೆ ಒಳಬಂದವರನ್ನು ಸುಮ್ಮನೆ ಕಾಯಂ ಮಾಡುವಂತಿಲ್ಲ ಎಂದು ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಸಲದ ಪರಿಹಾರಕ್ಕೆ ದಾರಿ ಬಿಟ್ಟಿತು. ತತ್ವ ಸರಿಯಾದದ್ದು. ಅದರಿಂದ ಇಲಾಖೆಗಳು ಕಲಿತ ಪಾಠ ಮಾತ್ರ ತಿರುವುಮುರುವು. ಬಹಿರಂಗ ಆಯ್ಕೆ ಮಾಡಬೇಕು ಎಂಬುದನ್ನು ಬಿಟ್ಟು, ಹಕ್ಕು ಹುಟ್ಟದಂತೆ ನೋಡಿಕೊಳ್ಳಬೇಕು ಎಂಬುದನ್ನು ಹಿಡಿದುಕೊಂಡವು. ಬ್ರೇಕು, ಏಜೆನ್ಸಿ, 11 ತಿಂಗಳ ಆದೇಶ ಎಲ್ಲ ಇನ್ನಷ್ಟು ಗಟ್ಟಿಯಾದವು. 2024ರ ಡಿಸೆಂಬರ್‌ನಲ್ಲಿ ‘ಜಗ್ಗೊ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಮಧ್ಯೆ ಬಂದು, ದೀರ್ಘಕಾಲ ದುಡಿಸಿಕೊಂಡವರ ನ್ಯಾಯವಾದ ಹಕ್ಕು ತಪ್ಪಿಸಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದು ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕೆಂದು ಆದೇಶಿಸಿದ್ದು ಒಳ್ಳೆಯ ಹೆಜ್ಜೆ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಅತಿ ಹೆಚ್ಚು ಬಗೆಯಲ್ಲಿ ಪ್ರಯೋಗಿಸಿದ್ದು ಅಮೆರಿಕ. ಬ್ರಿಟನ್ನಿನ ಫುಲ್ಟನ್ ಸಮಿತಿ 1968ರಲ್ಲೇ ಎಲ್ಲ ಬಲ್ಲ ಸಾಮಾನ್ಯ ಅಧಿಕಾರಿಯ ಆರಾಧನೆಯನ್ನು ಕಟುವಾಗಿ ಟೀಕಿಸಿತ್ತು, ಫಲ ಅರೆಬರೆ. ಅಮೆರಿಕದ 1970ರ ಕಾಯ್ದೆಯೊಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಎರಡು ವರ್ಷಕ್ಕೆ, ಬೇಕಾದರೆ ಇನ್ನೆರಡು ವರ್ಷಕ್ಕೆ, ಸರ್ಕಾರಿ ಸಂಸ್ಥೆಗೆ ಹೋಗಲು ಅವಕಾಶ ಮಾಡಿತು. ಅವರು ವಿಶ್ವವಿದ್ಯಾಲಯದ ನೌಕರರಾಗಿಯೇ ಉಳಿಯುತ್ತಾರೆ, ಸಂಬಳ ಅಲ್ಲಿಂದಲೇ ಬರುತ್ತದೆ, ಸರ್ಕಾರ ಅದನ್ನು ವಿಶ್ವವಿದ್ಯಾಲಯಕ್ಕೆ ತುಂಬಿಕೊಡುತ್ತದೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಯಾವ ಸಂಶೋಧನೆಗೆ ಹಣ ಕೊಡಬೇಕೆಂದು ನಿರ್ಧರಿಸುವ ಸ್ಥಾನಗಳಲ್ಲಿ ಇಂಥವರನ್ನು ಕೂರಿಸುತ್ತದೆ. ರಕ್ಷಣಾ ಸಂಶೋಧನೆಯ ಡಾರ್ಪಾ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ಕಾರ್ಯಕ್ರಮ ವ್ಯವಸ್ಥಾಪಕರು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಇರುತ್ತಾರೆ, ಗುರುತಿನ ಚೀಟಿಯ ಮೇಲೆ ಹೊರಡುವ ದಿನಾಂಕ ಅಚ್ಚಾಗಿರುತ್ತದೆ. ಸಾಮಾನ್ಯ ಸರ್ಕಾರಿ ವೇತನಕ್ಕಿಂತ ಹೆಚ್ಚು ಕೊಟ್ಟು ಬೇಗ ನೇಮಿಸಲು 1990ರ ದಶಕದ ಕೊನೆಯಲ್ಲಿ ಪ್ರತ್ಯೇಕ ಅಧಿಕಾರವೂ ಬಂತು. ಇಷ್ಟರ ಜೊತೆ ಅವರಿಗೆ ಇನ್ನೊಂದು ಸಿಗುತ್ತದೆ, ನಮ್ಮಲ್ಲಿ ಅಪರೂಪಕ್ಕೆ ಸಿಗುವಂಥದ್ದು: ಹಣ ಎಲ್ಲಿಗೆ ಹೋಗಬೇಕೆಂದು ತಾವೇ ತೀರ್ಮಾನಿಸುವ ಅಧಿಕಾರ. ನಮ್ಮ ಜಿಐಎಸ್ ಎಂಜಿನಿಯರ್‌ಗೂ ಅವರಿಗೂ ಇರುವ ವ್ಯತ್ಯಾಸ ಗುತ್ತಿಗೆಯ ಅವಧಿಯದ್ದಲ್ಲ, ಇಬ್ಬರೂ ತಾತ್ಕಾಲಿಕರೇ. ವ್ಯತ್ಯಾಸ ಸಹಿಯದ್ದು.

2013ರ ಅಕ್ಟೋಬರ್ 1ರಂದು ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ಜಾಲತಾಣ ಚಾಲೂ ಆದಾಗ ಮೊದಲ ದಿನ ನೋಂದಾಯಿಸಿಕೊಳ್ಳಲಾದದ್ದು ಆರೇ ಜನಕ್ಕೆ. ಗುತ್ತಿಗೆ ಕಂಪನಿಗಳು ಕೈಚೆಲ್ಲಿದ್ದನ್ನು ಸಿಲಿಕಾನ್ ವ್ಯಾಲಿಯಿಂದ ಬಂದ ಸಣ್ಣ ತಂಡ ಸರಿಪಡಿಸಿತು. ಅದರ ಬೆನ್ನಲ್ಲೇ 2014ರಲ್ಲಿ ಎರಡು ಡಿಜಿಟಲ್ ಸೇವಾ ತಂಡಗಳು ಸರ್ಕಾರದೊಳಗೆ ಬಂದವು. ಈ ಕಥೆಯನ್ನು ಹೇಳುವವರು ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದ್ದೂ ಹೇಳಬೇಕು. 2025ರ ಆರಂಭದಲ್ಲಿ ಒಂದು ತಂಡದ ಹೆಸರು, ಉದ್ದೇಶ ಬದಲಾಯಿತು. ಇನ್ನೊಂದನ್ನು ಮಾರ್ಚ್‌ನಲ್ಲಿ ಮುಚ್ಚಿದರು. ಫೆಬ್ರವರಿಯಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 168 ಮಂದಿಯನ್ನು ಒಂದೇ ಏಟಿಗೆ ತೆಗೆಯಿತು. ಅವರಲ್ಲಿ ಪ್ರೊಬೇಷನ್‌ನಲ್ಲಿದ್ದವರ ಜೊತೆ ಸಡಿಲ ಷರತ್ತಿನ ಮೇಲೆ ಬಂದ ತಜ್ಞರೂ ಇದ್ದರು. ಸುಲಭವಾಗಿ ಕರೆತಂದವರನ್ನು ಅಷ್ಟೇ ಸುಲಭವಾಗಿ ಹೊರಹಾಕಬಹುದು. ಅಧಿಕಾರಸ್ಥರಿಗೆ ಹಿಡಿಸದ ವೈಜ್ಞಾನಿಕ ಸತ್ಯವನ್ನು ಹೇಳಬೇಕಾದ ವ್ಯಕ್ತಿಗೆ ಕೆಲಸದ ಭದ್ರತೆಯೇ ಇಲ್ಲದಿದ್ದರೆ ಆ ಸತ್ಯ ಕಡತಕ್ಕೆ ಬರುವುದಿಲ್ಲ. ಆದ್ದರಿಂದ ಎಲ್ಲ ತಜ್ಞರೂ ಅಲ್ಪಾವಧಿಯವರಾಗಲಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅಣೆಕಟ್ಟೆಯ ಸುರಕ್ಷತೆ, ಔಷಧ ಪರೀಕ್ಷೆ, ಮಾಲಿನ್ಯದ ಅಳತೆ ಇಂಥ ಕಡೆ ಕಾಯಂ ವಿಜ್ಞಾನಿಗಳೇ ಇರಬೇಕು. ಹೊಸ ತಂತ್ರಜ್ಞಾನ, ಸೀಮಿತ ಯೋಜನೆ, ತುರ್ತು ಇರುವಲ್ಲಿ ಬಂದು ಹೋಗುವವರು ಸಾಕು.

ಆಡಳಿತ ಸುಧಾರಣೆಯ ಎರಡು ರಾಷ್ಟ್ರೀಯ ಆಯೋಗಗಳೂ ಕರ್ನಾಟಕದ ಮಾಜಿ ಮುಖ್ಯಮಂತ್ರಿಗಳ ನೇತೃತ್ವದಲ್ಲಿ ವರದಿ ಕೊಟ್ಟವು. ಮೊದಲನೆಯದು ಮೊರಾರ್ಜಿ ದೇಸಾಯಿ ಅವರ ನಂತರ ಕೆಂಗಲ್ ಹನುಮಂತಯ್ಯನವರ ಅಧ್ಯಕ್ಷತೆಯಲ್ಲಿ ನಡೆದು, ತಾಂತ್ರಿಕ ಕ್ಷೇತ್ರಗಳ ಮೇಲಿನ ಹುದ್ದೆಗಳು ಆಯಾ ಕ್ಷೇತ್ರ ಬಲ್ಲವರಿಗೆ ಸಿಗಬೇಕೆಂದು 1969ರಲ್ಲಿ ಹೇಳಿತು. ಎರಡನೆಯದು ವೀರಪ್ಪ ಮೊಯಿಲಿಯವರದು. ಅದರ ಹತ್ತನೇ ವರದಿ 2008ರಲ್ಲಿ ಹೊರಗಿನವರಿಗೆ ಮೇಲಿನ ಹುದ್ದೆಗಳನ್ನು ತೆರೆಯಬೇಕೆಂದಿತು. ಇಬ್ಬರ ಸ್ವಂತ ರಾಜ್ಯದಲ್ಲೇ ಇದು ಇನ್ನೂ ನಿಯಮವಾಗಿಲ್ಲ ಎಂಬುದು ನನಗೆ ನೋವಿನ ಸಂಗತಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಕುಸಿದ ಮೇಲೆ ತಜ್ಞರನ್ನು ಎಲ್ಲೆಲ್ಲಿಂದಲೋ ಕರೆಸಿದರು. ರಸ್ತೆಗಾಗಿ ಗುಡ್ಡ ಕಡಿಯುವ ಮೊದಲೇ ಬೇಡ ಎನ್ನಬಲ್ಲ ಭೂತಾಂತ್ರಿಕ ತಜ್ಞನಿಗೆ ಕರಾವಳಿಯ, ಮಲೆನಾಡಿನ ಪ್ರತಿ ಜಿಲ್ಲಾಡಳಿತದಲ್ಲಿ ಕುರ್ಚಿಯೂ ಸಹಿಯೂ ಇರಬೇಕಲ್ಲವೇ?

ಕರ್ನಾಟಕಕ್ಕೆ ಇದನ್ನು ಮಾಡಲು ಬೇಕಾದ ಜನ ದೂರದಲ್ಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು, ಇಸ್ರೊದಿಂದ ನಿವೃತ್ತರಾಗಿ ಇಲ್ಲೇ ನೆಲೆಸಿದವರು. ಸಂವಿಧಾನ ತಿದ್ದಬೇಕಿಲ್ಲ, ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ತಾಂತ್ರಿಕ ತಜ್ಞರ ಒಂದು ಸಾಮಾನ್ಯ ವೃಂದ ಸೃಷ್ಟಿಸಿದರೆ ಸಾಕು. ಅದರಲ್ಲಿ ಒಂದು ಪಾಲು ಕಾಯಂ, ಖಾಲಿ ಹುದ್ದೆಗೆ ಕಾಯದ ಮೌಲ್ಯಮಾಪನದ ಬಡ್ತಿಯೊಂದಿಗೆ. ಇನ್ನೊಂದು ಪಾಲು ಎರಡರಿಂದ ನಾಲ್ಕು ವರ್ಷಕ್ಕೆ, ವಿಶ್ವವಿದ್ಯಾಲಯದ ಲಿಯನ್ ಉಳಿಸಿಕೊಂಡು, ಸಂಬಳ ಮೊದಲಿನಷ್ಟೇ ಪಡೆದು ಬರುವವರಿಗೆ. ಇಡೀ ವೃಂದಕ್ಕೆ ರೋಸ್ಟರ್, ಕಲ್ಯಾಣ ಕರ್ನಾಟಕಕ್ಕೆ ಮೀಸಲು ಕೊಡುವ 371(ಜೆ) ಎರಡೂ ಅನ್ವಯ. ಆಯ್ಕೆ ಬಹಿರಂಗ ಜಾಹೀರಾತಿನಿಂದ, ಕಾರಣಗಳನ್ನು ದಾಖಲಿಸಿ. ಹೊರಟವರು ತಾವು ಇಲ್ಲಿ ನಿರ್ಧರಿಸಿದ ವಿಷಯದ ಮೇಲೆ ನಿಗದಿತ ಅವಧಿಯವರೆಗೆ ಖಾಸಗಿ ಕೆಲಸ ಹಿಡಿಯುವಂತಿಲ್ಲ. ತಾಂತ್ರಿಕ ಅಭಿಪ್ರಾಯಕ್ಕೆ ತಜ್ಞರೇ ಸಹಿ ಮಾಡಬೇಕು. ಅದನ್ನು ತಳ್ಳಿಹಾಕುವ ಅಧಿಕಾರಿ ಯಾಕೆಂದು ಕಡತದಲ್ಲೇ ಬರೆಯಬೇಕು. ಕಾಯಂ ಪಾಲಿನ ಮೊದಲ ಸುತ್ತಿನ ಆಯ್ಕೆಯಲ್ಲಿ, ಈಗಾಗಲೇ ಜಿಲ್ಲೆಗಳಲ್ಲಿ ಎಂಟು ಹತ್ತು ವರ್ಷ ಗುತ್ತಿಗೆಯ ಮೇಲೆ ದುಡಿದವರಿಗೆ ವಯೋಮಿತಿ ಸಡಿಲಿಸಿ, ಸೇವೆಯ ಪ್ರತಿ ವರ್ಷಕ್ಕೂ ಇಂತಿಷ್ಟು ಅಂಕವೆಂದು ಮೊದಲೇ ಘೋಷಿಸಿ, ಎಲ್ಲರ ಜೊತೆ ಸ್ಪರ್ಧಿಸುವ ಅವಕಾಶ ಕೊಡಬೇಕು. ಬಹಿರಂಗ ಸ್ಪರ್ಧೆ ನಡೆಯುವುದರಿಂದ ಇದು ಉಮಾದೇವಿ ತೀರ್ಪಿಗೂ ವಿರುದ್ಧವಾಗುವುದಿಲ್ಲ.